ಮಗುವಿನೊಡನೆ ಮೂವತ್ತೈದು ದಿನದ ಯೂರೋಪ್ ಪ್ರವಾಸ

ಗಂಡ, ಹೆಂಡತಿ, ಆರು ವರ್ಷದ ಮಗಳು: ಬೆಂಗಳೂರಿನ ಇಂಥದೊಂದು ಸಂಸಾರವು ಬೇಸಿಗೆಯ ರಜದಲ್ಲಿ ಯೂರೋಪಿಗೆ ಹೋಗಿಬರುವ ಸಂಕಲ್ಪ ಮಾಡಿದೆಯೆನ್ನಿ. ಹಲವು ವರ್ಷ ಕೂಡಿಟ್ಟ ಹಣ. ಇನ್ನೊಮ್ಮೆ ಅಷ್ಟು ಕೂಡುವುದು ಎಂದೋ! ಆದುದರಿಂದಲೇ ಯಜಮಾನರು ನಕ್ಷೆ ಹರಡಿಕೊಂಡು, ಮೂವತ್ತೈದು ದಿನಗಳಿಗೆ ಒಂಬತ್ತು ದೇಶಗಳನ್ನು ಪೋಣಿಸುತ್ತಾರೆ. ಗೃಹಿಣಿ ಕೇಳುವುದು ಒಂದೇ ಪ್ರಶ್ನೆ: “ಮಗು ಮಧ್ಯಾಹ್ನ ಎಲ್ಲಿ ಮಲಗಬೇಕು?”

ಲೆಕ್ಕ ಆರಂಭವಾಗತಕ್ಕದ್ದು ಆ ಪ್ರಶ್ನೆಯಿಂದಲೇ. ಊರಿಂದೂರಿಗೆ ಹೋಗುವ ಪ್ರತಿಯೊಂದು ದಿನವೂ ರೈಲಿನ ದರವನ್ನಷ್ಟೇ ನುಂಗುವುದಿಲ್ಲ. ಪೆಟ್ಟಿಗೆಗಳ ಭಾರಕ್ಕಾಗಿ ಟ್ಯಾಕ್ಸಿ, ಹಸಿದ ಮಗುವಿಗಾಗಿ ನಿಲ್ದಾಣದ ದುಬಾರಿ ತಿಂಡಿ, ಕೊಠಡಿ ತೆರೆಯುವವರೆಗಿನ ಕಾಯುವಿಕೆ, ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಒಂಬತ್ತರ ಬದಲು ಮೂರೇ ಊರುಗಳನ್ನು, ಪ್ಯಾರಿಸ್, ಮ್ಯೂನಿಕ್, ವಿಯೆನ್ನಾಗಳನ್ನು ಆರಿಸಿ, ಅಡಿಗೆಮನೆಯುಳ್ಳ ಬಿಡಾರವನ್ನು ಬಾಡಿಗೆಗೆ ಹಿಡಿದರೆ ಈ ವೆಚ್ಚದಲ್ಲಿ ಬಹುಪಾಲು ಇಳಿಯುತ್ತದೆ. ಅನ್ನ ಸಾರು ಮನೆಯಲ್ಲೇ ಆಗುತ್ತದೆ. ಮಗುವಿಗೂ ಎರಡನೆಯ ದಿನದಿಂದ ಅದು ತನ್ನದೇ ಮನೆ.

ಬಿಡಾರಕ್ಕೆ ದಿನಕ್ಕೆ 110 ಯೂರೋ, ಊಟ, ಓಡಾಟ, ನೋಟಗಳಿಗೆ 70 ಯೂರೋ ಎಂದು ಹಿಡಿದರೆ, ಮೂವತ್ತೈದು ದಿನಕ್ಕೆ 6,300 ಯೂರೋ. ಯೂರೋವಿನ ಬೆಲೆ ಐದೇ ರೂಪಾಯಿ ಏರಿದರೂ 31,500 ರೂಪಾಯಿ ಕೈಬಿಟ್ಟಿತು! 1966ರ ಜೂನ್ 6ರಂದು ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ ಒಮ್ಮೆಗೇ 7 ರೂಪಾಯಿ 50 ಪೈಸೆಗೆ ಜಿಗಿದುದನ್ನು ಹಿರಿಯರು ಮರೆತಿರಲಾರರು. ಅಂಥದು ನಿತ್ಯವೂ ನಡೆಯದು, ನಿಜ. ಆದರೂ ಹಣವನ್ನೆಲ್ಲ ಒಂದೇ ದಿನ ಬದಲಾಯಿಸದೆ ಮೂರು ನಾಲ್ಕು ಕಂತುಗಳಲ್ಲಿ ಬದಲಾಯಿಸುವುದು ಲೇಸು. ಒಟ್ಟಿನ ಹತ್ತನೆಯ ಒಂದು ಪಾಲನ್ನು ಜ್ವರ ನೆಗಡಿಗಳಿಗೆಂದು ಮುಟ್ಟದೆ ಇಡುವುದು ಇನ್ನೂ ಲೇಸು.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. 2024ರ ಜೂನ್‌ನಲ್ಲಿ ಏರಿದ ಶುಲ್ಕ ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ 45; ಆರು ತುಂಬದ ಮಗುವಿಗೆ ಶುಲ್ಕವೇ ಇಲ್ಲ. ಹುಟ್ಟುಹಬ್ಬ ಸಮೀಪಿಸಿರುವ ಮನೆಯವರು ಪಂಚಾಂಗ ನೋಡಿಕೊಳ್ಳುವುದು ಒಳ್ಳೆಯದು! ಮಗುವಿನ ಅರ್ಜಿಗೆ ತಂದೆತಾಯಿಗಳಿಬ್ಬರ ರುಜುವೂ ಬೇಕು. ಕನಿಷ್ಠ 30,000 ಯೂರೋ ಚಿಕಿತ್ಸೆಯ ವಿಮೆ ಕಡ್ಡಾಯ. ವೀಸಾ ಕೈಸೇರುವ ಮುನ್ನ, ರದ್ದಾದರೆ ಹಣ ಮರಳದ ಟಿಕೆಟ್ಟನ್ನು ಕೊಳ್ಳುವ ಧೈರ್ಯ ಮಾತ್ರ ಬೇಡ.

ಮಗು ಜೊತೆಗಿದ್ದರೆ ಖರ್ಚು ಏರುವುದೆಂಬ ಅಂಜಿಕೆ ಪೂರ್ತಿ ಸರಿಯಲ್ಲ. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ಮಂಗಳವಾರ ಅದಕ್ಕೆ ರಜ. ಜರ್ಮನಿಯ ದೂರದ ರೈಲುಗಳಲ್ಲಿ ಹದಿನಾಲ್ಕು ವರ್ಷದವರೆಗಿನ ಮಕ್ಕಳು ಹೆತ್ತವರೊಡನೆ ಬಿಟ್ಟಿಯಾಗಿ ಪ್ರಯಾಣಿಸಬಹುದು. ಆರು ತುಂಬಿದವರನ್ನು ಟಿಕೆಟ್ಟಿನಲ್ಲಿ ಕಾಣಿಸಬೇಕಷ್ಟೆ. ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನದ ಕೊಳದಲ್ಲಿ ಆಟದ ಹಾಯಿದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಮೋನಾಲಿಸಾಳ ಮುಂದಿನ ಜನಜಂಗುಳಿಯಲ್ಲಿ ಅಮ್ಮನ ಸೆರಗು ಜಗ್ಗುವ ಹುಡುಗಿ, ಇಲ್ಲಿ ಎರಡು ಗಂಟೆ ಮನೆಯ ಮಾತೆತ್ತಲಾರಳು.

ಮೊದಲ ಮೂರು ದಿನಗಳನ್ನು ಮಾತ್ರ ಖಾಲಿಯೇ ಬಿಡಬೇಕು. ಬೆಂಗಳೂರಿನಲ್ಲಿ ಬೆಳಿಗ್ಗೆ 6.30 ಆದಾಗ ಮೇ ತಿಂಗಳ ಪ್ಯಾರಿಸಿನಲ್ಲಿ ಇನ್ನೂ 3 ಗಂಟೆ. ನಡುರಾತ್ರಿ ಕಣ್ಣುಬಿಟ್ಟು ಹಾಲು ಕೇಳುವ ಮಗುವನ್ನು ಮರುದಿನ ಗೋಪುರ ಹತ್ತಿಸಹೊರಟರೆ ಗೋಪುರವೂ ದಕ್ಕದು, ನಿದ್ರೆಯೂ ದಕ್ಕದು. ಮ್ಯೂನಿಕ್, ವಿಯೆನ್ನಾಗಳಲ್ಲಿ ಭಾನುವಾರ ದಿನಸಿಯಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಹಾಲು, ತರಕಾರಿ ಶನಿವಾರವೇ ಮನೆಗೆ ಬಂದಿರಬೇಕು.

ಇನ್ನು ಪೆಟ್ಟಿಗೆ ಕಟ್ಟುವ ಮಾತು. ಸಾರಿನ ಪುಡಿ, ಅಕ್ಕಿ, ಬೇಳೆ ಒಂದು ವಾರಕ್ಕೆ ಸಾಕು. ಆಮೇಲೆ ಅಲ್ಲಿಯ ಭಾರತೀಯ ಅಂಗಡಿಗಳುಂಟು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಒಳತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಮೊಮ್ಮಗಳಿಗೆಂದು ಅಜ್ಜಿ ಕಾಯಿಸಿಟ್ಟ ತುಪ್ಪ ಬೆಂಗಳೂರಿನಲ್ಲೇ ಉಳಿಯಬೇಕು. ಆಕೆಗೆ ಅದನ್ನು ತಿಳಿಸುವ ಕೆಲಸವನ್ನು ಒಂಬತ್ತು ದೇಶಗಳ ಯಜಮಾನರಿಗೇ ವಹಿಸಿಕೊಡಬಹುದು.