ತನ್ನ ಪರಾಗವನ್ನು ತಾನೇ ಒಲ್ಲದ ಹೂ

ಬೇಸಗೆಯಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಗಳಾದ ಮೇಲೆ ಕುಪ್ಪಳ್ಳಿಯ ಕಡೆಗೆ ಹೋದವರಿಗೆ, ಅಡಕೆಮರಗಳ ನೆರಳಿನಲ್ಲಿ ರೋಬಸ್ಟಾ ಕಾಫಿಗಿಡಗಳು ಮಲ್ಲಿಗೆಯಂತಹ ಬಿಳಿಯ ಹೂಗಳಿಂದ ಮುಚ್ಚಿಹೋಗಿರುವುದು ಕಾಣಸಿಗುತ್ತದೆ. ಅಂತಹ ಒಂದು ದಿನ ತೋಟದ ಯಜಮಾನರೊಬ್ಬರು ನಮ್ಮನ್ನು ಕೇಳಿದರು: “ಈ ಮೂಲೆಯ ಗಿಡದಷ್ಟು ಫಲ ಬಿಡುವುದು ಇನ್ನೊಂದಿಲ್ಲ, ಮೇಷ್ಟ್ರೇ. ಇದನ್ನೇ ಕಸಿಮಾಡಿ ತೋಟವನ್ನೆಲ್ಲ ತುಂಬಿಸಿಬಿಟ್ಟರೆ ಹೇಗೆ?”

“ಹಾಗೆ ಮಾಡಿದಿರೋ, ಹೂವಿಗೆ ಕೊರತೆಯಿರದು, ಕಾಯಿ ಮಾತ್ರ ಕಚ್ಚದು” ಎಂದೆವು.

ಅವರು ನಂಬಲಿಲ್ಲ. ಒಂದೇ ಹೂವಿನಲ್ಲಿ ಕೇಸರವೂ ಇದೆ, ಶಲಾಕೆಯೂ ಇದೆ; ಇನ್ನೇನು ಬೇಕು?

ಇದರ ಉತ್ತರ 1925ರಲ್ಲಿ ಹೊಗೆಸೊಪ್ಪಿನ ಕುಲದ ಗಿಡಗಳಿಂದ ದೊರೆಯಿತು. ಈಸ್ಟ್ ಮತ್ತು ಮಾಂಗೆಲ್ಸ್‌ಡಾರ್ಫ್ ಎಂಬ ಅಮೆರಿಕದ ವಿಜ್ಞಾನಿಗಳು ಕಂಡುಕೊಂಡುದಿಷ್ಟು: ಗಿಡದಲ್ಲಿ ‘ಎಸ್’ ಎಂಬ ಜೀನಿನ ಎರಡು ರೂಪಗಳಿರುತ್ತವೆ, ಪರಾಗರೇಣುವಿನ ಪಾಲಿಗೆ ಬರುವುದು ಅವುಗಳಲ್ಲಿ ಒಂದು ಮಾತ್ರ. ಆ ರೂಪ ಶಲಾಕೆಯ ಎರಡರಲ್ಲಿ ಯಾವುದಾದರೊಂದಕ್ಕೆ ಸರಿಹೊಂದಿತೆಂದರೆ, ಪರಾಗನಾಳ ಅಂಡಾಶಯವನ್ನು ಮುಟ್ಟುವ ಮೊದಲೇ ನಿಂತುಹೋಗುತ್ತದೆ. ಎಸ್1, ಎಸ್2 ಉಳ್ಳ ಗಿಡ ತನ್ನ ಯಾವ ರೇಣುವನ್ನೂ ಸ್ವೀಕರಿಸಲಾರದು. ಎಸ್1, ಎಸ್3 ಉಳ್ಳ ನೆರೆಯ ಗಿಡದ ರೇಣುಗಳಲ್ಲಿ ಅರ್ಧಕ್ಕೆ ಪ್ರವೇಶವುಂಟು. ಎಸ್3, ಎಸ್4 ಗಿಡದವಕ್ಕೆಲ್ಲ ಬಾಗಿಲು ತೆರೆದೇ ಇದೆ. ಕಸಿಯ ಗಿಡಗಳಾದರೋ ಎಷ್ಟೇ ಇರಲಿ, ‘ಎಸ್’ನ ಲೆಕ್ಕದಲ್ಲಿ ಎಲ್ಲವೂ ಒಂದೇ ಗಿಡ. (ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಕೂಡದೆಂದು ಪೌಲಿ ಸಾರಿದ್ದೂ 1925ರಲ್ಲಿಯೇ. ಭೌತವಿಜ್ಞಾನದವರಾದ ನಮಗೆ ಈ ಹೋಲಿಕೆ ಹಿಡಿಸುತ್ತದೆ. ಅದು ಬರಿಯ ಹೋಲಿಕೆ, ಅಷ್ಟೆ.)

ತಡೆಯುವ ಬಗೆ ತಿಳಿಯಲು ಇನ್ನೂ ಆರು ದಶಕಗಳು ಬೇಕಾದವು. ಶಲಾಕೆಯಲ್ಲಿರುವ ‘ಎಸ್’ ಪ್ರೋಟೀನು ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವವೆಂದು 1989ರಲ್ಲಿ ಗೊತ್ತಾಯಿತು. ಈ ಕಿಣ್ವ ತನ್ನದು, ಅನ್ಯರದು ಎಂದೆಣಿಸದೆ ಎಲ್ಲ ಪರಾಗನಾಳಗಳೊಳಕ್ಕೂ ನುಗ್ಗುತ್ತದೆ. ಅನ್ಯ ರೇಣುವಿನ ಬಳಿ ಅದನ್ನು ಕೆಡಿಸುವ ಸಾಧನವಿದೆ. ಸ್ವಂತ ರೇಣುವಿಗೆ ತನ್ನ ಗಿಡದ ಕಿಣ್ವವನ್ನೇ ಕೆಡಿಸಲಾಗದು. ಆರ್‌ಎನ್‌ಎ ತುಂಡಾಗಿ, ಪ್ರೋಟೀನು ತಯಾರಾಗದೆ ನಾಳ ಸೊರಗುತ್ತದೆ. ಕಾಫಿಯ ಕುಲದಲ್ಲಿಯೂ ಇಂತಹ ಕಿಣ್ವದ ಜೀನುಗಳು ದೊರೆತಿವೆ.

ಅರೇಬಿಕಾ ಕಾಫಿಗೆ ಈ ಕಟ್ಟಳೆಯಿಲ್ಲ. ರೋಬಸ್ಟಾದಲ್ಲಿ 22 ವರ್ಣತಂತುಗಳಿದ್ದರೆ, ರೋಬಸ್ಟಾಕ್ಕೂ ಯೂಜೆನಿಯಾಯ್ಡಿಸ್ ಎಂಬ ಇನ್ನೊಂದು ಜಾತಿಗೂ ಹುಟ್ಟಿದ ಅರೇಬಿಕಾದಲ್ಲಿ 44. ಅದು ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಆದರೆ ಅದರ ಗಿಡಗಳು ಬಹುಮಟ್ಟಿಗೆ ಏಕರೂಪ; ಎಲೆಯ ತುಕ್ಕುರೋಗ ಬಂದಾಗ ಅದನ್ನು ತಾಳಿಕೊಳ್ಳಬಲ್ಲ ಭಿನ್ನತೆ ಅವುಗಳಲ್ಲಿ ಕಡಮೆ.

ಯಜಮಾನರು ಈಗ ಒಟ್ಟಿಗೆ ಹೂಬಿಡುವ ನಾಲ್ಕೈದು ಬೇರೆ ಬೇರೆ ಗಿಡಗಳಿಗೆ ಗುರುತಿನ ದಾರ ಕಟ್ಟಿದ್ದಾರೆ. ಗಾಳಿಯೊಂದನ್ನೇ ನಂಬದೆ, ತೋಟದ ಅಂಚಿನಲ್ಲಿ ಎರಡು ತುಡುವೆಜೇನಿನ ಪೆಟ್ಟಿಗೆಗಳನ್ನೂ ಇಡಿಸಿದ್ದಾರೆ.