ಎಂಬತ್ತೊಂದು ಮಂದಿ ಬಾರದ ವಿಂಬಲ್ಡನ್

1973ರ ವಿಂಬಲ್ಡನ್ ಪುರುಷರ ಸಿಂಗಲ್ಸ್ ಟೂರ್ನಿ ಜೂನ್ 25ರಿಂದ ಜುಲೈ 7ರವರೆಗೆ ಲಂಡನ್ನಿನ ಆಲ್ ಇಂಗ್ಲೆಂಡ್ ಕ್ಲಬ್ಬಿನ ಹುಲ್ಲಿನ ಅಂಕಣಗಳಲ್ಲಿ ನಡೆಯಿತು. ಗೆದ್ದವರು ಚೆಕೊಸ್ಲೊವಾಕಿಯಾದ ಯಾನ್ ಕೊಡೆಶ್. ಹಿಂದಿನ ವರ್ಷದ ಚಾಂಪಿಯನ್ ಸ್ಟಾನ್ ಸ್ಮಿತ್ ಅಂಕಣಕ್ಕೆ ಇಳಿಯಲೇ ಇಲ್ಲ. ಜಾನ್ ನ್ಯೂಕಂಬ್, ಕೆನ್ ರೋಸ್‌ವಾಲ್, ಆರ್ಥರ್ ಆ್ಯಶ್ ಅವರೂ ಬರಲಿಲ್ಲ. ಒಟ್ಟು 81 ಆಟಗಾರರು ಹೆಸರು ಹಿಂತೆಗೆದುಕೊಂಡಿದ್ದರು. ಮೊದಲು ಪ್ರಕಟವಾಗಿದ್ದ 16 ಶ್ರೇಯಾಂಕಿತರಲ್ಲಿ 13 ಮಂದಿ ಅವರಲ್ಲಿದ್ದರು. ಅದಕ್ಕೇ ಈ ಟೂರ್ನಿಯನ್ನು ಸೊರಗಿದ ವಿಂಬಲ್ಡನ್ ಎಂದು ಬದಿಗಿಡುವ ರೂಢಿ ಬಂದಿದೆ. ಅಲ್ಲಿ ನಡೆದ ಆಟವನ್ನು ಒಂದೊಂದಾಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಮುಕ್ತ ಯುಗಕ್ಕೆ ಆಗ ಐದೇ ವರ್ಷ. 1967ರವರೆಗೆ ವಿಂಬಲ್ಡನ್ ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿತ್ತು. 1960 ಮತ್ತು 1961ರಲ್ಲಿ ರಾಮನಾಥನ್ ಕೃಷ್ಣನ್ ಸೆಮಿಫೈನಲ್ ತಲುಪಿದ್ದು ಆ ಕಾಲದಲ್ಲಿ. 1961 ಮತ್ತು 1962ರಲ್ಲಿ ಪ್ರಶಸ್ತಿ ಗೆದ್ದ ರಾಡ್ ಲೇವರ್ ವೃತ್ತಿಪರರಾದ ಕೂಡಲೇ ಅವರಿಗೆ ಆ ಬಾಗಿಲು ಮುಚ್ಚಿತು. 1968ರಲ್ಲಿ ಎಲ್ಲರಿಗೂ ಪ್ರವೇಶ ಸಿಕ್ಕಾಗ ಮೊದಲ ಮುಕ್ತ ವಿಂಬಲ್ಡನ್ ಗೆದ್ದವರೂ ಲೇವರ್ ಅವರೇ. ಬಹುಮಾನ 2,000 ಪೌಂಡ್. 1973ರ ಹೊತ್ತಿಗೆ ಅದು 5,000 ಪೌಂಡ್ ಆಗಿತ್ತು. ಹಣ ಬಂದಿತ್ತು, ಆದರೆ ಯಾರು ಎಲ್ಲಿ ಆಡಬೇಕು ಎಂದು ಹೇಳುವ ಅಧಿಕಾರ ಮಾತ್ರ ದೇಶಗಳ ಟೆನಿಸ್ ಫೆಡರೇಷನ್‌ಗಳ ಕೈಯಲ್ಲೇ ಉಳಿದಿತ್ತು. ಆಟಗಾರರು ತಮ್ಮದೇ ಸಂಘವಾದ ಎಟಿಪಿಯನ್ನು ಕಟ್ಟಿಕೊಂಡದ್ದು 1972ರ ಸೆಪ್ಟೆಂಬರಿನಲ್ಲಿ. ದಕ್ಷಿಣ ಆಫ್ರಿಕಾದ ಕ್ಲಿಫ್ ಡ್ರೈಸ್‌ಡೇಲ್ ಅಧ್ಯಕ್ಷರಾದರು, ಹಳೆಯ ಚಾಂಪಿಯನ್ ಜ್ಯಾಕ್ ಕ್ರೇಮರ್ ಕಾರ್ಯನಿರ್ವಾಹಕ ನಿರ್ದೇಶಕರಾದರು.

ಜಗಳಕ್ಕೆ ಕಾರಣವಾದದ್ದು ಯುಗೊಸ್ಲಾವಿಯಾದ ಆಟಗಾರ ನಿಕೋಲಾ ಪಿಲಿಚ್ ಪ್ರಕರಣ. ನ್ಯೂಜಿಲೆಂಡ್ ವಿರುದ್ಧದ ಡೇವಿಸ್ ಕಪ್ ಪಂದ್ಯಕ್ಕೆ ಬರುತ್ತೇನೆಂದು ಹೇಳಿ ಬರಲಿಲ್ಲ ಎಂಬ ಆರೋಪ ಹೊರಿಸಿ ಅವರ ದೇಶದ ಫೆಡರೇಷನ್ ಅವರನ್ನು ಒಂಬತ್ತು ತಿಂಗಳು ಅಮಾನತು ಮಾಡಿತು. ಹಾಗೆ ಮಾತು ಕೊಟ್ಟೇ ಇರಲಿಲ್ಲ ಎಂಬುದು ಪಿಲಿಚ್ ವಾದ. ಅಂತರರಾಷ್ಟ್ರೀಯ ಫೆಡರೇಷನ್ ಶಿಕ್ಷೆಯನ್ನು ಒಂದು ತಿಂಗಳಿಗೆ ಇಳಿಸಿತಾದರೂ ವಿಂಬಲ್ಡನ್ ಆ ಅವಧಿಯೊಳಗೇ ಬಿತ್ತು. ಲಂಡನ್ನಿನ ಹೈಕೋರ್ಟ್ ತಡೆಯಾಜ್ಞೆ ಕೊಡಲಿಲ್ಲ. ಎಟಿಪಿ ಮಂಡಳಿ ಕೊನೆಯ ಬಾರಿ ಮತಕ್ಕೆ ಹಾಕಿದಾಗ ಬಹಿಷ್ಕಾರದ ಪರ ಮೂರು, ವಿರುದ್ಧ ಮೂರು ಮತ ಬಿದ್ದವು. ಡ್ರೈಸ್‌ಡೇಲ್ ಮತ ಹಾಕದೆ ಉಳಿದದ್ದರಿಂದ ಬಹಿಷ್ಕರಿಸಬೇಕೆಂಬ ಮೊದಲಿನ ನಿರ್ಣಯವೇ ಗಟ್ಟಿಯಾಯಿತು. ಬಹಿಷ್ಕಾರ ಬೇಡವೆಂದು ಮತ ಹಾಕಿದವರಲ್ಲಿ ಸ್ಮಿತ್ ಒಬ್ಬರು. ಆದರೂ ಸಂಘದ ಮಾತಿಗೆ ತಲೆಬಾಗಿ ತಮ್ಮ ಪ್ರಶಸ್ತಿಯನ್ನು ಬಿಟ್ಟುಕೊಟ್ಟರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ನಡವಳಿಕೆ ಇನ್ನೊಂದಿಲ್ಲ.

ಸಂಘದ ಸದಸ್ಯರಲ್ಲಿ ಮೂವರು ಆಡಿದರು: ರುಮೇನಿಯಾದ ಇಲಿಯೆ ನಸ್ತಾಸೆ, ಇಂಗ್ಲೆಂಡಿನ ರೋಜರ್ ಟೇಲರ್, ಆಸ್ಟ್ರೇಲಿಯಾದ ರೇ ಕೆಲ್ಡಿ. ತಮ್ಮ ದೇಶದ ಆಜ್ಞೆ ಮೀರಲಾಗದು ಎಂದು ನಸ್ತಾಸೆ ಹೇಳಿದರು. ಟೇಲರ್ ಇಕ್ಕಟ್ಟಿಗೆ ಸಿಕ್ಕಿದ್ದರು. ಅವರು ಹುಟ್ಟಿದ್ದು ಸಂಘದ ಮಾತಿಗೆ ಬೆಲೆ ಕೊಡುವ ಶೆಫೀಲ್ಡಿನ ಉಕ್ಕು ಕಾರ್ಮಿಕರ ಮನೆಯಲ್ಲಿ, ಆಡಬೇಕಾದದ್ದು ತವರಿನ ಪ್ರೇಕ್ಷಕರ ಮುಂದೆ. ಮುಂದೆ ಈ ಮೂವರಿಗೂ ಸಂಘ ದಂಡ ಹಾಕಿತು. ಶ್ರೇಯಾಂಕವನ್ನು ಎಂಟಕ್ಕೆ ಇಳಿಸಿ ಪಟ್ಟಿಯನ್ನು ಹೊಸದಾಗಿ ಮಾಡಲಾಯಿತು. ಜನ ಮಾತ್ರ ಬರುವುದನ್ನು ಬಿಡಲಿಲ್ಲ. ಎರಡು ವಾರದಲ್ಲಿ ಮೂರು ಲಕ್ಷ ಮಂದಿ ಟೂರ್ನಿ ನೋಡಿದರು.

ಕೊಡೆಶ್ ಗೆಲುವಿನ ಬೆಲೆ ತಿಳಿಯಬೇಕಾದರೆ ಹುಲ್ಲಿನ ಅಂಕಣದ ಗುಣ ತಿಳಿದಿರಬೇಕು. ಚಿತ್ರದುರ್ಗ ಜಿಲ್ಲೆಯ ಜವನಗೊಂಡನಹಳ್ಳಿಯಿಂದ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಕಾಣುವ ಹುಲ್ಲು ಮಳೆ ಬಿದ್ದಾಗ ಚಿಗುರಿ, ಬೇಸಿಗೆಗೆ ಒಣಗುವ ಬಯಲಿನ ಹುಲ್ಲು. ವಿಂಬಲ್ಡನ್ನಿನದು ಹಾಗಲ್ಲ. ಅದು ಬಿತ್ತಿ, ನೀರುಣಿಸಿ, ರೋಲರ್ ಎಳೆದು, ದಿನವೂ ಕತ್ತರಿಸಿ ಸಾಕಿದ ಬೆಳೆ. ಅದರ ಕೆಳಗಿನ ಜೇಡಿಮಣ್ಣು ಗಟ್ಟಿಯಾಗಿರಬೇಕು, ಮೇಲಿನ ಹುಲ್ಲು ತೆಳ್ಳಗಿರಬೇಕು. ಅಂಥ ನೆಲಕ್ಕೆ ಬಡಿದ ಚೆಂಡು ಜಾರಿಕೊಂಡು ಮುಂದೆ ಹೋಗುತ್ತದೆ, ಮೊಣಕಾಲಿನ ಎತ್ತರಕ್ಕೂ ಏಳದೆ ಬರುತ್ತದೆ. ಹುಲ್ಲು ಸವೆದ ಕಡೆ ಪುಟಿತ ಹೇಗಿರುತ್ತದೆಂದು ಊಹಿಸುವುದೂ ಕಷ್ಟ. ಆದ್ದರಿಂದ ಅಂದಿನ ಆಟಗಾರರು ಚೆಂಡು ನೆಲ ಮುಟ್ಟುವವರೆಗೆ ಕಾಯುತ್ತಿರಲಿಲ್ಲ. ಸರ್ವ್ ಮಾಡಿದವರೇ ಬಲೆಯ ಬಳಿಗೆ ಓಡಿ ವಾಲಿ ಹೊಡೆಯುತ್ತಿದ್ದರು. ರ‍್ಯಾಕೆಟ್‌ಗಳು ಬಹುಮಟ್ಟಿಗೆ ಮರದವು, ಚೆಂಡು ಬಿಳಿಯದು.

ಕೊಡೆಶ್ ಈ ನೆಲದ ಆಟಗಾರರಲ್ಲ. 1970 ಮತ್ತು 1971ರಲ್ಲಿ ಅವರು ಗೆದ್ದದ್ದು ಪ್ಯಾರಿಸ್ಸಿನ ಆವೆಮಣ್ಣಿನ ಅಂಕಣದ ಫ್ರೆಂಚ್ ಓಪನ್. ಹುಲ್ಲಿನ ಮೇಲಿನ ಟೆನಿಸ್ ಒಂದು ತಮಾಷೆ ಎಂದು ಅವರು 1971ರಲ್ಲಿ ಮೂದಲಿಸಿದ್ದರು. ಆ ವರ್ಷವೇ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಹುಲ್ಲಿನಲ್ಲಿ ಅಮೆರಿಕನ್ ಓಪನ್ ಫೈನಲ್ ತಲುಪಿದರು. ಅವರ ದೊಡ್ಡ ಆಯುಧ ರಿಟರ್ನ್. ಬಲೆಯತ್ತ ಓಡಿಬರುವ ಎದುರಾಳಿಯ ಕಾಲ ಬಳಿಗೇ ಚೆಂಡನ್ನು ಇಳಿಸುವ ಕೌಶಲವನ್ನು ಅವರು ದುಡಿದು ಗಳಿಸಿದ್ದರು.

ನಾಲ್ಕನೇ ಸುತ್ತಿನಲ್ಲೇ ಅಗ್ರ ಶ್ರೇಯಾಂಕದ ನಸ್ತಾಸೆ, ಅಮೆರಿಕದ ವಿದ್ಯಾರ್ಥಿ ಸ್ಯಾಂಡಿ ಮೇಯರ್ ಎದುರು ಸೋತರು. ಎಂಟರ ಘಟ್ಟದಲ್ಲಿ ಹದಿನೇಳರ ಬ್ಯೋನ್ ಬೋರ್ಗ್ ಐದು ಸೆಟ್ ಹೋರಾಡಿ ಟೇಲರ್‌ಗೆ ಮಣಿದರು. ಸ್ಟೀಲ್ ರ‍್ಯಾಕೆಟ್ ಹಿಡಿದ ಜಿಮ್ಮಿ ಕಾನರ್ಸ್, ಸೋವಿಯತ್ ಒಕ್ಕೂಟದ ಅಲೆಕ್ಸ್ ಮೆತ್ರೆವೆಲಿಗೆ ಸೋತರು. ಮುಂದಿನ ದಶಕವನ್ನು ಆಳಿದ ಇಬ್ಬರು ಇಲ್ಲೇ ಕಣ್ಣಿಗೆ ಬಿದ್ದರು ಎಂಬುದನ್ನು ಈ ಟೂರ್ನಿಯನ್ನು ಹೀಗಳೆಯುವವರು ಮರೆಯುತ್ತಾರೆ.

ಭಾರತದ ಪಾಲಿಗೆ ಮುಖ್ಯವಾದದ್ದು ಇನ್ನೊಂದು ಕ್ವಾರ್ಟರ್‌ಫೈನಲ್. ಮದ್ರಾಸಿನ ವಿಜಯ್ ಅಮೃತರಾಜ್ ಅವರಿಗೆ ಆಗ 19 ವರ್ಷ. ಕೊಡೆಶ್ ವಿರುದ್ಧ ಮೊದಲ ಸೆಟ್ ಸೋತ ಅವರು ಮುಂದಿನ ಎರಡನ್ನು ಗೆದ್ದು ಮುನ್ನಡೆದರು. ಕೊನೆಗೆ 6–4, 3–6, 4–6, 6–3, 7–5ರಿಂದ ಕೊಡೆಶ್ ಪಾರಾದರು. ಆ ಐದನೇ ಸೆಟ್ ವಿಜಯ್ ಕಡೆಗೆ ವಾಲಿದ್ದರೆ ಕೃಷ್ಣನ್ ನಂತರ ಭಾರತದ ಇನ್ನೊಬ್ಬರು ವಿಂಬಲ್ಡನ್ ಸೆಮಿಫೈನಲ್ ಆಡುತ್ತಿದ್ದರು. ವಿಜಯ್ ಎದೆಗುಂದಲಿಲ್ಲ. ಆ ಬೇಸಿಗೆಯಲ್ಲೇ ಅಮೆರಿಕದ ಬ್ರೆಟನ್ ವುಡ್ಸ್ ಟೂರ್ನಿಯ ಫೈನಲ್‌ನಲ್ಲಿ ಕಾನರ್ಸ್ ಅವರನ್ನೂ, ಫಾರೆಸ್ಟ್ ಹಿಲ್ಸ್‌ನಲ್ಲಿ ಲೇವರ್ ಅವರನ್ನೂ ಸೋಲಿಸಿದರು.

ಸೆಮಿಫೈನಲ್‌ನಲ್ಲಿ ಟೇಲರ್ ಕೂಡ ಕೊಡೆಶ್ ಅವರನ್ನು ಐದು ಸೆಟ್ ಕಾಡಿದರು. ಅಂಕ 8–9, 9–7, 5–7, 6–4, 7–5. ಫೈನಲ್ ಅದಕ್ಕೆ ಹೋಲಿಸಿದರೆ ಸಪ್ಪೆ. ಮೆತ್ರೆವೆಲಿ ಎದುರು ಕೊಡೆಶ್ 6–1, 9–8, 6–3ರಿಂದ ಗೆದ್ದರು. ಆಗ ಟೈಬ್ರೇಕರ್ ಆಡುತ್ತಿದ್ದದ್ದು 8–8 ಆದ ಮೇಲೆ, 9–8 ಎಂಬ ಅಂಕ ಬಂದದ್ದು ಅದರಿಂದ.

ದೊಡ್ಡವರು ಬಂದಿದ್ದರೆ ಕೊಡೆಶ್ ಗೆಲ್ಲುತ್ತಿದ್ದರೇ ಎಂಬ ಪ್ರಶ್ನೆಯನ್ನು ಅಂದಿನಿಂದಲೂ ಕೇಳುತ್ತಿದ್ದಾರೆ. ಎರಡು ತಿಂಗಳ ನಂತರ ಬಹಿಷ್ಕರಿಸಿದವರು ಫಾರೆಸ್ಟ್ ಹಿಲ್ಸ್ ಹುಲ್ಲಿಗೆ ಮರಳಿದಾಗ ಕೊಡೆಶ್ ಸೆಮಿಫೈನಲ್‌ನಲ್ಲಿ ಸ್ಮಿತ್ ಅವರನ್ನೇ ಸೋಲಿಸಿದರು. ಫೈನಲ್‌ನಲ್ಲಿ ನ್ಯೂಕಂಬ್‌ಗೆ ಸೋತರೂ ಪಂದ್ಯ ಐದು ಸೆಟ್ ನಡೆಯಿತು. ಇಷ್ಟಾದ ಮೇಲೂ ಅವರ ವಿಂಬಲ್ಡನ್ ಪ್ರಶಸ್ತಿಯನ್ನು ಅದೃಷ್ಟದ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಆಡಳಿತದಲ್ಲೂ ಬದಲಾವಣೆ ಬೇಗ ಬಂತು. 1973ರ ಆಗಸ್ಟಿನಲ್ಲಿ ಎಟಿಪಿ ಕಂಪ್ಯೂಟರ್ ರ‍್ಯಾಂಕಿಂಗ್ ಆರಂಭಿಸಿತು. ಮರುವರ್ಷ ಆಟಗಾರರು, ಫೆಡರೇಷನ್ ಮತ್ತು ಟೂರ್ನಿ ನಡೆಸುವವರು ಒಟ್ಟಿಗೆ ಕೂರುವ ಪುರುಷರ ಟೆನಿಸ್ ಮಂಡಳಿ ರೂಪುಗೊಂಡಿತು. ಕ್ರೇಮರ್ ಯೋಜಿಸಿದ್ದ ಗ್ರ್ಯಾನ್ ಪ್ರಿ ಸರಣಿ ದೇಶದೇಶಗಳಿಗೆ ಹಬ್ಬಿತು. ಅದರ ಭಾಗವಾಗಿದ್ದ ಇಂಡಿಯನ್ ಓಪನ್ 1976ರಲ್ಲಿ ಬೆಂಗಳೂರಿಗೂ ಬಂತು. ಆಸ್ಟ್ರೇಲಿಯಾದ ಕಿಮ್ ವಾರ್ವಿಕ್ ಫೈನಲ್‌ನಲ್ಲಿ ಶಶಿ ಮೆನನ್ ಅವರನ್ನು ಸೋಲಿಸಿದರು. ಡೇವಿಸ್ ಕಪ್ ವಿಷಯದಲ್ಲಿ ಶಿಕ್ಷೆಗೊಳಗಾಗಿದ್ದ ಪಿಲಿಚ್ ಮುಂದೆ ತಂಡದ ನಾಯಕರಾಗಿ ಜರ್ಮನಿಗೆ ಮೂರು ಬಾರಿ, 2005ರಲ್ಲಿ ಕ್ರೊವೇಷಿಯಾಕ್ಕೆ ಒಮ್ಮೆ ಅದೇ ಕಪ್ ಗೆಲ್ಲಿಸಿಕೊಟ್ಟರು.