ದುರ್ಬಲವೆಂಬ ಆಮ್ಲದ ಬಲ

ಉಪ್ಪಿನಕಾಯಿಗೆ ಬೆರೆಸುವ ವಿನಿಗರಿನ ಹುಳಿಗೆ ಅಸಿಟಿಕ್ ಆಮ್ಲವೇ ಕಾರಣ. ಇದು ದುರ್ಬಲ ಆಮ್ಲ. ದುರ್ಬಲವೆಂದರೆ ನೀರು ಬೆರೆತು ತೆಳುವಾದದ್ದೆಂದು ವಾಚಕರು ತಿಳಿಯಬಾರದು. ನೀರಿನಲ್ಲಿ ಅಣುಗಳು ಎಷ್ಟು ಪಾಲು ಒಡೆದು ಹೈಡ್ರೊಜನ್ ಅಯಾನುಗಳನ್ನು ಬಿಟ್ಟುಕೊಡುತ್ತವೆ ಎಂಬುದೇ ಆಮ್ಲದ ಬಲಾಬಲದ ಅಳತೆ.

ಲೆಕ್ಕ ಮಾಡಿ ನೋಡೋಣ. ಲೀಟರು ದ್ರಾವಣದಲ್ಲಿ 0.1 ಮೋಲ್ ಅಸಿಟಿಕ್ ಆಮ್ಲವಿರಲಿ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ವಿಯೋಜನ ಸ್ಥಿರಾಂಕ ಸುಮಾರು 0.000018. ಒಡೆಯುವ ಪಾಲು ಅತ್ಯಲ್ಪವಾದುದರಿಂದ ಈ ಎರಡು ಸಂಖ್ಯೆಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಸಾಕು. ಹೈಡ್ರೊಜನ್ ಅಯಾನುಗಳ ಪ್ರಮಾಣ 0.00134 ಎಂದು ಬರುತ್ತದೆ. ಎಂದರೆ, ನೂರು ಅಣುಗಳಲ್ಲಿ ಒಡೆದದ್ದು ಒಂದು ಚಿಲ್ಲರೆ ಮಾತ್ರ! ಇದರ ಲಾಗರಿದಮ್ ತೆಗೆದು ಋಣಚಿಹ್ನೆಯನ್ನು ಬಿಟ್ಟರೆ 2.87. ಇದೇ, 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ರೂಪಿಸಿದ ಪಿಎಚ್ ಅಳತೆ. ಅಷ್ಟೇ ಪ್ರಮಾಣದ ಹೈಡ್ರೊಕ್ಲೋರಿಕ್ ಆಮ್ಲವಾದರೋ ಬಹುಮಟ್ಟಿಗೆ ಪೂರ್ತಿಯಾಗಿ ಒಡೆಯುತ್ತದೆ. ಅದರ ಪಿಎಚ್ ಸುಮಾರು 1.

ಹಾಗಾದರೆ ಒಡೆಯದೆ ಉಳಿದ ಅಣುಗಳ ಗತಿಯೇನು? ಕ್ಷಾರ ಬೆರೆಸುತ್ತ ಹೋದಂತೆ ಅವೂ ಒಡೆಯುತ್ತ ಬರುತ್ತವೆ. ಕೊನೆಗೆ ಎರಡು ಆಮ್ಲಗಳೂ ಸಮಪ್ರಮಾಣದ ಕ್ಷಾರವನ್ನೇ ಬೇಡುತ್ತವೆ. ಹೆಸರಿಗೆ ದುರ್ಬಲವಾದರೂ, ನೀರು ಬೆರೆಸದ ಅಸಿಟಿಕ್ ಆಮ್ಲ ಚರ್ಮವನ್ನು ಸುಟ್ಟೀತು. ಆದುದರಿಂದ ಸೀಸೆಯ ಮೇಲಿನ ಹೆಸರನ್ನಷ್ಟೇ ಅಲ್ಲ, ಪ್ರಮಾಣವನ್ನೂ ಓದಿ.